ಹಸಿವಾಗುವವರೆಗೆ ಕಾಯಬೇಡಿ

ಗಿನಿಪಿಗ್ ಆರೈಕೆಯ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಮೂತ್ರಕೋಶದ ಕಲ್ಲು ತೆಗೆಸಿದ ಗಿನಿಪಿಗ್ ಅನ್ನು ‘ಒಂದು ದಿನ ಸುಮ್ನೆ ಬಿಡಿ, ಹಸಿವಾದರೆ ತಾನೇ ತಿನ್ನುತ್ತದೆ’ ಎಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಗಿನಿಪಿಗ್‌ನ ಕರುಳು ಸದಾ ಓಡುತ್ತಿರಬೇಕು. ಹೊಟ್ಟೆ ಖಾಲಿ ಬಿದ್ದರೆ ಕರುಳು ನಿಂತೇಹೋಗುತ್ತದೆ. ಆಪರೇಷನ್ ಗೆದ್ದ ಪ್ರಾಣಿ ಇದರಿಂದಲೇ ಸಾಯಬಹುದು.

ಮೈಸೂರಿನ ನಮ್ಮ ಮನೆಯಲ್ಲಿ ಪೆಲೆಟ್ (ಗಿನಿಪಿಗ್‌ನ ಗಟ್ಟಿ ಉಂಡೆ ಆಹಾರ) ನೆನೆಸಿ, ನುಣ್ಣಗೆ ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಕೊಡುತ್ತಿದ್ದೆವು. ಕೆಲವು ಗಂಟೆಗೊಮ್ಮೆ, ರಾತ್ರಿಯೂ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಬೇಕು. ನೇರ ಗಂಟಲಿಗೆ ಒತ್ತಿದರೆ ಶ್ವಾಸಕೋಶಕ್ಕೆ ಹೋಗುವ ಭಯ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ನೋಡಿ, ತಿನ್ನುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೋವಿನ ಔಷಧಿ ತಪ್ಪಿಸಬೇಡಿ. ನೋವಿದ್ದರೆ ಹುಲ್ಲು ಮುಟ್ಟುವುದಿಲ್ಲ. ಮನೆಯಲ್ಲಿದೆ ಅಂತ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮಾತ್ರ ಕೊಡಲೇಬೇಡಿ, ಅದು ಇವಕ್ಕೆ ವಿಷ ಇದ್ದಂತೆ.

ಮೊದಲ ಒಂದೆರಡು ದಿನ ಮೂತ್ರದಲ್ಲಿ ಸ್ವಲ್ಪ ರಕ್ತ ಕಾಣಬಹುದು. ತಿಣುಕಿದರೂ ಮೂತ್ರವೇ ಬರದಿದ್ದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಓಡಿ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಕಲ್ಲಿಗೆ ಬಾಳೆದಿಂಡಿನ ರಸ ಕೊಡಿ ಎಂದಿದ್ದಾರೆ. ನಮ್ಮ ಕಡೆ ಕಲ್ಲು ಅಂದ ತಕ್ಷಣ ಬಾಳೆದಿಂಡು ಬರಲೇಬೇಕು, ಅಲ್ವಾ! ಗಿನಿಪಿಗ್‌ಗೆ ಆಗುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು. ಅದನ್ನು ಕರಗಿಸುವ ಔಷಧಿ ಇಲ್ಲ, ಮತ್ತೆ ಬರುವುದೂ ಉಂಟು. ಹಾಗಾಗಿ ಕ್ಯಾಲ್ಸಿಯಂ ಹೆಚ್ಚಿರುವ ಪಾಲಕ್, ಕುದುರೆ ಮಸಾಲೆ (ಆಲ್ಫಾಲ್ಫಾ) ಸೊಪ್ಪು ಬೇಡ. ನೀರು, ಒಣಹುಲ್ಲು ಯಾವಾಗಲೂ ಇರಲಿ. ಇವಕ್ಕೆ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ, ಅದಕ್ಕೆ ದೇವರಾಜ ಮಾರುಕಟ್ಟೆಯ ದಪ್ಪ ಮೆಣಸಿನಕಾಯಿ ಸಾಕು. ಬೀಜ ತೆಗೆದು, ದಿನಕ್ಕೊಂದು ಹೋಳು ಕೊಡಿ.