ಈಡು ಹೊಡೆಯದೆ ನಿಲ್ಲುವವರು ಒಬ್ಬರು ಬೇಕು

ಕೊಡಗಿನಲ್ಲಿ ಹುಟ್ಟಿದವನಿಗೆ ಕೋವಿ ಹೊಸದಲ್ಲ. ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕೋವಿ ಒರೆಸಿ, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆಗೆ ಇಡುವುದನ್ನು ನೋಡುತ್ತಲೇ ಬೆಳೆದೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಈಡು. ಹಾಗಾಗಿ ಇಂಗ್ಲೆಂಡಿನಲ್ಲಿ ಮನೆ ಹತ್ತಿರದ ಶೂಟಿಂಗ್ ಕ್ಲಬ್‌ಗೆ ಸೇರಿದಾಗ, ಗುರಿ ಹಿಡಿಯೋದು ಬಿಟ್ಟು ಕಲಿಯೋದು ಬೇರೇನಿದೆ ಅಂದುಕೊಂಡಿದ್ದೆ.

ಮೊದಲ ಸಂಜೆ. ಪಾಯಿಂಟ್ ಟೂ ಟೂ ರೈಫಲ್, 25 ಗಜ ದೂರದಲ್ಲಿ ಕಾಗದದ ಗುರಿ. ಚಾಪೆ ಮೇಲೆ ಮಲಗಿದ್ದವನು ಏನೋ ಕೇಳಲು ಪಕ್ಕಕ್ಕೆ ಹೊರಳಿದೆ. ನಳಿಗೆಯೂ ನನ್ನ ಜೊತೆ ತಿರುಗಿತು. ‘ಸ್ಟಾಪ್!’ ಅಂತ ರೇಂಜ್ ಆಫೀಸರ್, ಅಂದರೆ ಈಡು ಹೊಡೆಯುವವರ ಮೇಲೆ ಕಣ್ಣಿಡುವವರು, ಕೂಗಿದ್ದೇ ತಡ, ಸಾಲಿನಲ್ಲಿದ್ದ ಎಲ್ಲರೂ ಟ್ರಿಗರ್‌ನಿಂದ ಬೆರಳು ತೆಗೆದರು. ನನ್ನ ರೈಫಲ್ ಖಾಲಿ ಇತ್ತು. ಆದರೆ ಅಲ್ಲಿ ಆ ಮಾತಿಗೆ ಬೆಲೆಯೇ ಇಲ್ಲ. ಖಾಲಿ ಅನ್ನೋದು ಕಣ್ಣಿಗೆ ಕಾಣಬೇಕು. ಬೋಲ್ಟ್ (ರೈಫಲ್‌ನ ಚಿಲಕ) ಹಿಂದಕ್ಕೆಳೆದು, ಗುಂಡು ಕೂರುವ ಜಾಗಕ್ಕೆ ಹಳದಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಎಲ್ಲರೂ ಎದ್ದು ಗೆರೆಯ ಹಿಂದೆ ಬರಬೇಕು. ಆಮೇಲೇ ಕಾಗದ ಬದಲಿಸಲು ಮುಂದೆ ಹೋಗೋದು. ಅಷ್ಟು ಹೊತ್ತು ಯಾರೂ ರೈಫಲ್ ಮುಟ್ಟುವಂತಿಲ್ಲ.

ಈ ಬಿಗಿಯ ಹಿಂದೆ ನೋವಿದೆ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ 16 ಮಕ್ಕಳನ್ನೂ ಅವರ ಟೀಚರನ್ನೂ ಕೊಂದ. ಅವನ ಕೈಯಲ್ಲಿದ್ದದ್ದು ಲೈಸೆನ್ಸ್ ಇದ್ದ ಪಿಸ್ತೂಲುಗಳು. ಮರುವರ್ಷ ಬ್ರಿಟನ್ನಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದನ್ನೇ ಹೆಚ್ಚುಕಡಿಮೆ ನಿಷೇಧಿಸಿದರು. ಇವತ್ತಿಗೂ ಕ್ಲಬ್ ಸೇರಲು ಯಾರೇ ಅರ್ಜಿ ಹಾಕಲಿ, ಪೊಲೀಸರಿಗೆ ತಿಳಿಸಬೇಕು. ಕನಿಷ್ಠ ಮೂರು ತಿಂಗಳು ಉಮೇದುವಾರನಾಗಿ ಕಲಿಯಬೇಕು.

ಕೊಡಗಿನ ಕಥೆ ಬೇರೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಅದು ಇರಲಿ ಅನ್ನುವವನೇ ನಾನು. ಕೋವಿಯನ್ನು ಪೂಜಿಸುವ ಜನ ಅದನ್ನು ಆಟದ ಸಾಮಾನು ಅಂದುಕೊಂಡಿಲ್ಲ. ಆದರೆ ನಮ್ಮ ನಂಬಿಕೆಯೆಲ್ಲ ಹೊಡೆಯುವವನ ಅನುಭವದ ಮೇಲೆ. ಅಲ್ಲೇ ನನಗೆ ಭಯ.

ಒಮ್ಮೆ ಊರ ಸ್ಪರ್ಧೆಯೊಂದರಲ್ಲಿ ಹಿರಿಯರೊಬ್ಬರ ತೋಟಾ ಹಾರಲಿಲ್ಲ. ‘ಯಾಕೋ ಹಾರ್ಲಿಲ್ಲ’ ಅಂತ ಕೋವಿ ಹಿಡಿದೇ ಜನರ ಕಡೆ ತಿರುಗಿದರು. ನಾಲ್ಕು ಹೆಜ್ಜೆ ದೂರದಲ್ಲಿ ಮಕ್ಕಳಿದ್ದರು. ಏನೂ ಆಗಲಿಲ್ಲ. ಆದರೆ ‘ನಿಲ್ಲಿ’ ಅನ್ನಲು ಯಾರಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಹಾರದ ತೋಟಾ ತಡವಾಗಿ ಹಾರಬಹುದು. ನಮ್ಮ ಕ್ಲಬ್‌ನಲ್ಲಿ ಅಂಥ ಹೊತ್ತಿನಲ್ಲಿ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಲೇಬೇಕು, ಎಪ್ಪತ್ತು ದಾಟಿದವರೂ ಸಹ. ಅವರಿಗೆ ಅದು ಅವಮಾನ ಅನ್ನಿಸೋದಿಲ್ಲ. ನಿಲ್ಲಿಸಿದವರಿಗೆ ಥ್ಯಾಂಕ್ಸ್ ಹೇಳುತ್ತಾರೆ.

ಕೊಡಗಿನಲ್ಲೂ ದೊಡ್ಡ ಸ್ಪರ್ಧೆಗಳಲ್ಲಿ ರೇಂಜ್ ಆಫೀಸರ್ ಇರುತ್ತಾರೆ. ನಾನು ಹೇಳುತ್ತಿರೋದು ಊರ ಮೈದಾನದ ಮಾತು. ಅಲ್ಲಿ ಒಂದೇ ಒಂದು ಬೇಕು: ಆ ದಿನ ಕೋವಿ ಮುಟ್ಟದೆ, ಬರೀ ನಳಿಗೆಗಳನ್ನೇ ನೋಡುತ್ತಾ ನಿಲ್ಲುವ ಒಬ್ಬರು. ಅವರ ಮಾತಿಗೆ ಊರ ಹಿರಿಯರೂ ನಿಲ್ಲಬೇಕು.

ಫೋನಿನಲ್ಲಿ ಚಿಕ್ಕಪ್ಪನ ಮಗನಿಗೆ ಇದನ್ನೇ ಹೇಳಿದೆ. ‘ಹಬ್ಬದ ದಿನ ಈಡು ಹೊಡೀದೆ ಸುಮ್ನೆ ನಿಲ್ಲೋಕೆ ಯಾರು ಒಪ್ತಾರೆ ಅಣ್ಣಾ?’ ಅಂದ.

ಮುಂದಿನ ಸೆಪ್ಟೆಂಬರ್‌ಗೆ ರಜೆ ಹಾಕಿದ್ದೇನೆ. ನಾನೇ ನಿಲ್ಲುತ್ತೇನೆ.