ಗಿರಿಯ ಮೇಲೊಂದು ಡಿಕ್ಕಿ ಕಛೇರಿ

ವಾರಾಂತ್ಯದಲ್ಲಿ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹತ್ತುವ ಕಾರುಗಳ ಹಿಂದೆ ಆಮೆಗತಿಯಲ್ಲಿ ಸಾಗಿದವರಿಗೆಲ್ಲ ಒಂದು ಸಂಗತಿ ಮನದಟ್ಟಾಗಿರುತ್ತದೆ. ಹಿಂದೆ ಬರುವ ವಾಹನವನ್ನು ಚಾಲಕ ನೋಡಲೆಂದು ಇಟ್ಟಿದ್ದ ಹಿಂಗಾಜು ಈಗ ಸ್ಪೀಕರಿನ ಪ್ರದರ್ಶನಕ್ಕೆ ಮೀಸಲಾಗಿದೆ. ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯ ಮೇಲೆ ಮುಚ್ಚಳದಂತೆ ಕಂಪನಿ ಕೊಟ್ಟ ತೆಳ್ಳನೆಯ ಪಾರ್ಸೆಲ್ ಟ್ರೇ ಮನೆಯ ಅಟ್ಟ ಸೇರಿದೆ. ಅದರ ಜಾಗದಲ್ಲಿ ಮರದ ನಾರು ಒತ್ತಿ ಮಾಡಿದ, 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ, ಹಲಗೆಯಲ್ಲಿ ಆರು ಇಂಚು ಅಗಲ, ಒಂಬತ್ತು ಇಂಚು ಉದ್ದದ ಎರಡು ಮೊಟ್ಟೆಯಾಕಾರದ ಸ್ಪೀಕರುಗಳು, ಸಾಲದು ಎಂದವರಿಗೆ ನಡುವೆ ತಗ್ಗು ಸ್ವರ ಗುಡುಗಿಸುವ ಒಂದು ವೂಫರ್. ಇದೆಲ್ಲ ಸೇರಿದ್ದಕ್ಕೆ ಡೆಕ್ ಎಂದು ಹೆಸರು.

ಈ ಡೆಕ್ ಕಟ್ಟುವ ಕೆಲಸವನ್ನು ಹಗುರವಾಗಿ ಕಾಣಬಾರದು. ಮೊದಲು ರಟ್ಟಿನ ಮೇಲೆ ಅಳತೆ ತೆಗೆದು, ಕಾರಿನ ಒಳಗೋಡೆಯ ಬಾಗು ಒಂದು ಕೂದಲಿನಷ್ಟೂ ತಪ್ಪದಂತೆ ಕತ್ತರಿಸಿ, ಅದೇ ಪಡಿಯಚ್ಚನ್ನು ಹಲಗೆಯ ಮೇಲಿಟ್ಟು ಗುರುತು ಹಾಕಿ, ಜಿಗ್ಸಾದಿಂದ ತೂತು ಕೊರೆದು, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ, ಮೇಲೆ ಕಪ್ಪು ಮ್ಯಾಟ್ ಎಳೆದು ಕೂರಿಸುತ್ತಾರೆ. ಇಷ್ಟೆಲ್ಲ ಶ್ರಮಕ್ಕೆ ಕಾರಣವೂ ಉಂಟು. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿಯನ್ನು ನೂಕುವಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಕೂಡಿದರೆ ಬೇಸ್, ಅಂದರೆ ತಗ್ಗು ಸ್ವರ, ಸತ್ತುಹೋಗುತ್ತದೆ. ಅವು ಕೂಡದಂತೆ ತಡೆಯುವುದೇ ಹಲಗೆಯ ಕೆಲಸ. ಮುಚ್ಚಿದ ಡಿಕ್ಕಿಯೇ ಪೆಟ್ಟಿಗೆಯಾಗಿ ಹಿಂದಿನ ಅಲೆಯನ್ನು ನುಂಗಿಕೊಳ್ಳುತ್ತದೆ. ಇಷ್ಟರ ಮಟ್ಟಿಗೆ ಇದು ಒಳ್ಳೆಯ ಬಡಗಿ ಕೆಲಸ, ಒಳ್ಳೆಯ ವಿಜ್ಞಾನ ಕೂಡ.

ಆದರೆ ಸುಮಾರು 1,930 ಮೀಟರ್ ಎತ್ತರದ, ರಾಜ್ಯದಲ್ಲೇ ಅತಿ ಎತ್ತರದ ಶಿಖರದ ಬುಡ ತಲುಪಿದ ಕೂಡಲೇ ನಮ್ಮ ರಸಿಕರು ಮಾಡುವ ಮೊದಲ ಕೆಲಸವೆಂದರೆ ಡಿಕ್ಕಿ ತೆರೆಯುವುದು. ಸ್ಪೀಕರಿನ ಮುಖ ಕಾರಿನ ಖಾಲಿ ಸೀಟುಗಳಿಗೆ ಹಾಡುತ್ತದೆ. ಹೊರಗೆ ನಿಂತು ಕುಣಿಯುವವರಿಗೆ ದಕ್ಕುವುದು ಸ್ಪೀಕರಿನ ಬೆನ್ನಿನ, ಮ್ಯಾಗ್ನೆಟ್ ಕಡೆಯ ಸದ್ದು, ಅದರ ಮೇಲೆ ನಂಬರ್ ಪ್ಲೇಟಿನ ಗಡಗಡ. ಸಾವಿರಾರು ರೂಪಾಯಿಯ ಜರಿ ಸೀರೆಯನ್ನು ಒಳಮೈ ಹೊರಗಾಗಿ ಉಟ್ಟು ಮದುವೆಮನೆಗೆ ಹೋದಂತಾಯಿತು.

ಕಾನೂನು ಸುಮ್ಮನೆ ಕುಳಿತಿಲ್ಲ. ಹಿಂಗಾಜಿನ ಮೂಲಕ ಕನಿಷ್ಠ ಶೇಕಡ 70ರಷ್ಟು ಬೆಳಕು ಹಾಯಬೇಕೆಂದು ಮೋಟಾರು ವಾಹನ ನಿಯಮ ಹೇಳುತ್ತದೆ. ಗಾಜಿನಲ್ಲಿ ಬೆಳಕು ಧಾರಾಳವಾಗಿ ಹಾಯುತ್ತದೆ, ಹಾದು ನೇರವಾಗಿ ವೂಫರಿಗೆ ಬಡಿಯುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೆರೆ ಎಳೆದಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಗಿರಿಯ ಕಣಿವೆಗಳಲ್ಲಿರುವ ಶೋಲಾ ಕಾಡಿನ ಹಕ್ಕಿಗಳು ಇವುಗಳಲ್ಲಿ ಒಂದನ್ನಾದರೂ ಕಟ್ಟಿಸಿಕೊಂಡಿದ್ದರೆ ಬಚಾವಾಗುತ್ತಿದ್ದವೇನೋ. ಕಾರಿನ ಹೊಗೆಗೆ ಸರ್ಟಿಫಿಕೇಟ್ ಬೇಕು. ಹಾಡಿಗೆ ಅದರ ತಾಪತ್ರಯವಿಲ್ಲ.

ಡೆಕ್ಕಿನ ನಿಜವಾದ ಮಹಿಮೆ ಕಾಣುವುದು ಇಳಿಯುವಾಗ. ಕಡಿದಾದ ಇಕ್ಕಟ್ಟು ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಎದುರಿಗೆ ಜೀಪು ಬಂದಾಗ ರಿವರ್ಸ್ ಹೋಗೋಣವೆಂದರೆ ಒಳಗನ್ನಡಿಯಲ್ಲಿ ಕಾಣುವುದು ತಾವೇ ದುಡ್ಡು ಕೊಟ್ಟು ಕಟ್ಟಿಸಿದ ಮರದ ಗೋಡೆ. ಗೆಳೆಯನೊಬ್ಬ ಇಳಿದು ಹಿಂದೆ ಹೋಗಿ, ಕಣಿವೆಗೆ ಬೆನ್ನು ಮಾಡಿ ನಿಂತು, ‘ಬರ್ಲಿ, ಬರ್ಲಿ, ಹೋಲ್ಡ್, ಹೋಲ್ಡೋ!’ ಎಂದು ಗಂಟಲು ಹರಿಯುವಂತೆ ಕಿರುಚುತ್ತಾನೆ. ಒಳಗಿದ್ದವನಿಗೆ ಅದು ಹಾಡಿನ ಕೋರಸ್ಸೆಂದೇ ಕೇಳಿಸುತ್ತದೆ. ಹಾಡು ನಿಲ್ಲಿಸುವ ಉಪಾಯ ಯಾರಿಗೂ ಹೊಳೆಯುವುದಿಲ್ಲ.

ಹೊಳೆಯದಿದ್ದರೂ ಕೆಲವೊಮ್ಮೆ ಅದು ತಾನಾಗಿ ನಿಲ್ಲುತ್ತದೆ. ಎಂಜಿನ್ ಆರಿಸಿ ಗಂಟೆಗಟ್ಟಲೆ ಆಂಪ್ಲಿಫೈಯರ್ ಓಡಿಸಿದರೆ ಬ್ಯಾಟರಿ ಎಷ್ಟು ಹೊತ್ತು ಬಾಳೀತು? ಕೀ ತಿರುಗಿಸಿದರೆ ‘ಟಿಕ್’ ಎಂಬ ಉತ್ತರವಷ್ಟೇ ಬರುತ್ತದೆ. ಆಗ ಅಷ್ಟು ಹೊತ್ತು ಯಾರ ಕಿವಿಯ ತಮಟೆ ಹರಿದಿದ್ದರೋ ಅವರನ್ನೇ ‘ಅಣ್ಣಾ, ಸ್ವಲ್ಪ ಕೈ ಹಾಕ್ತೀರಾ?’ ಎಂದು ಕರೆಯುತ್ತಾರೆ. ಅವರೂ ಬರುತ್ತಾರೆ. ಸದ್ದು ನಿಂತ ಸಂತೋಷಕ್ಕೆ ಬೆಟ್ಟದ ಕೆಳಗಿನ ಕೈಮರದವರೆಗೂ ತಳ್ಳಲು ತಯಾರಿರುವ ಆ ಪುಣ್ಯಾತ್ಮರಿಗೆ, ಎಂಜಿನ್ ಶುರುವಾದ ಮರುಕ್ಷಣವೇ ಹಾಡೂ ಶುರುವಾಗುತ್ತದೆ ಎಂಬುದು ಮಾತ್ರ ನೆನಪಿರುವುದಿಲ್ಲ.