ನಡ ಗಟ್ಟಿ ಇರಲಿ

ನಮ್ಮ ಕಡೆ ಸೊಂಟಕ್ಕೆ ನಡ ಅಂತೀವಿ. ನನ್ನ ಅವ್ವ ಗುಳೇದಗುಡ್ಡದವಳು. ಮೂವತ್ತು ವರ್ಷ ಕುಣಿ ಮಗ್ಗದಲ್ಲಿ ಕೂತು ಖಣ ನೇಯ್ದಿದ್ದಾಳೆ. ಕಾಲು ಕುಣಿಯೊಳಗೆ, ಕೈ ಮಗ್ಗದ ಮೇಲೆ, ಬೆನ್ನಿಗೆ ಯಾವ ಆಸರೆಯೂ ಇಲ್ಲ. "ಕೈ ನೇಯಂಗಿಲ್ಲವಾ, ನಡ ನೇಯ್ತದ" ಅನ್ನುತ್ತಿದ್ದಳು. ಆ ಮಾತು ನನಗೆ ಅರ್ಥವಾಗಲು ನಲವತ್ತೈದು ವರ್ಷ ತುಂಬಬೇಕಾಯಿತು.

ಹನ್ನೊಂದು ವರ್ಷದಿಂದ ಯೋಗ ಮಾಡುತ್ತಿದ್ದೇನೆ. ಬಾಗಲಕೋಟೆ ನವನಗರದಲ್ಲಿ ಮನೆ, ಆಫೀಸಿನಲ್ಲಿ ದಿನಕ್ಕೆ ಏಳೆಂಟು ತಾಸು ಕುರ್ಚಿ. ಬೆಳಿಗ್ಗೆ ಆಸನ ಮಾಡದಿದ್ದರೆ ದಿನ ಶುರುವಾದಂತೆಯೇ ಅನ್ನಿಸುವುದಿಲ್ಲ. ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ನನ್ನ ಹಣೆ ಮೊಣಕಾಲಿಗೆ ಮುಟ್ಟುತ್ತಿತ್ತು. ಕ್ಲಾಸಿನಲ್ಲಿ ಎಲ್ಲರಿಗೂ ನನ್ನನ್ನೇ ತೋರಿಸುತ್ತಿದ್ದರು. ಇನ್ನೂ ಬಗ್ಗು, ಇನ್ನೂ ಬಗ್ಗು ಅಂತ ಬೆನ್ನ ಮೇಲೆ ಕೈಯಿಟ್ಟು ಒತ್ತಿದ್ದೂ ಉಂಟು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದೆ. ಮೇಲೇಳಲು ಆಗಲೇ ಇಲ್ಲ.

ಡಾಕ್ಟರು ನೋಡಿ, ನರಕ್ಕೇನೂ ಆಗಿಲ್ಲ, ಸ್ನಾಯು ಹಿಡಿದಿದೆ ಅಂದರು. ಆದರೆ ಇಷ್ಟು ವರ್ಷ ಯೋಗ ಮಾಡಿದವಳಿಗೆ ಹೀಗೇಕಾಯಿತು? ಉತ್ತರ ಕೊಟ್ಟವಳು ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದುತ್ತಿರುವ ನನ್ನ ಅಕ್ಕನ ಮಗಳು. ನೋವು ಇಳಿದ ಮೇಲೆ ಅಂಗಾತ ಮಲಗಿಸಿ, ಎರಡೂ ಕಾಲು ಮೇಲಕ್ಕೆತ್ತಿ ನಿಧಾನಕ್ಕೆ ಇಳಿಸಲು ಹೇಳಿದಳು. ಅರ್ಧ ಇಳಿಸುವಷ್ಟರಲ್ಲಿ ನನ್ನ ನಡ ನೆಲ ಬಿಟ್ಟು ಕಮಾನಿನಂತೆ ಎದ್ದಿತ್ತು. "ನೋಡು ಮೌಶಿ, ನಿನ್ನ ಮೈ ಬಾಗ್ತದ, ಆದ್ರ ಹಿಡಕೊಳ್ಳಂಗಿಲ್ಲ" ಅಂದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಮುಂದೆ ಬಗ್ಗುವಾಗ ತೊಡೆಯ ಬುಡದಿಂದ, ಅಂದರೆ ಸೊಂಟದ ಕೀಲಿನಿಂದ ಬಗ್ಗಬೇಕು. ತೊಡೆಯ ಹಿಂದಿನ ಸ್ನಾಯು ಬಿಗಿ ಇದ್ದವರು ಅಲ್ಲಿ ಬಗ್ಗದೆ ಬೆನ್ನಿನ ಕೆಳಭಾಗವನ್ನೇ ಬಗ್ಗಿಸುತ್ತಾರೆ. ಹಣೆ ಮೊಣಕಾಲಿಗೆ ಮುಟ್ಟುತ್ತದೆ, ಆದರೆ ಭಾರವೆಲ್ಲ ಬೆನ್ನಿಗೇ ಬೀಳುತ್ತದೆ. ಹೊಟ್ಟೆಯ ಒಳಪದರದ ಸ್ನಾಯು ಒಂದು ಪಟ್ಟಿಯಂತೆ ನಡವನ್ನು ಸುತ್ತಿಕೊಂಡಿದೆ. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಬೆನ್ನಿಗೆ ಆಸರೆ ಕಡಿಮೆ. ಟೊಂಕ ಕಟ್ಟಿ ನಿಲ್ಲು ಅಂತೀವಲ್ಲ, ಕಟ್ಟುವ ಆ ಪಟ್ಟಿ ಮೈಯೊಳಗೇ ಇದೆ. ನನ್ನದು ಸಡಿಲವಾಗಿತ್ತು.

ಹೀಗೆ, ಆ ಪಟ್ಟಿಯನ್ನು ಗಟ್ಟಿ ಮಾಡುವ ಪಿಲಾಟೀಸ್ ಅನ್ನುವ ವ್ಯಾಯಾಮ ನನ್ನ ಮನೆಗೆ ಬಂತು.

ಮೊದಲು ಈ ಹೆಸರು ಕೇಳಿದಾಗ, ಇದು ದೊಡ್ಡ ಊರಿನ ದುಡ್ಡಿದ್ದವರ ಮಷಿನ್ ವ್ಯಾಯಾಮ ಅಂದುಕೊಂಡಿದ್ದೆ. ಇದನ್ನು ಕಟ್ಟಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅಸ್ತಮಾ ಇತ್ತು, ಮೂಳೆ ಮೆತ್ತಗಾಗುವ ಕಾಯಿಲೆಯೂ ಇತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯವರು ಅಂತ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಬಂಧನ ಶಿಬಿರದಲ್ಲಿಟ್ಟರು. ಈ ವ್ಯಾಯಾಮ ಅಲ್ಲಿ ರೂಪ ಪಡೆಯಿತು. 1926ರ ಹೊತ್ತಿಗೆ ನ್ಯೂಯಾರ್ಕಿಗೆ ಹೋಗಿ ಶಾಲೆ ತೆರೆದರು. ಅವರು ತಮ್ಮ ಪದ್ಧತಿಗೆ ಇಟ್ಟ ಹೆಸರು ಕಾಂಟ್ರಾಲಜಿ, ಅಂದರೆ ಮೈಯನ್ನು ಹಿಡಿತದಲ್ಲಿಡುವ ವಿದ್ಯೆ. 1945ರ ಅವರ ಪುಸ್ತಕದಲ್ಲಿರುವ 34 ವ್ಯಾಯಾಮಗಳನ್ನೂ ನೆಲದ ಮೇಲೆ ಚಾಪೆ ಹಾಸಿಯೇ ಮಾಡಬಹುದು. ಅವರು ಕಟ್ಟಿದ ಸ್ಪ್ರಿಂಗಿನ ಮಷಿನ್ ಬೇಕೇ ಬೇಕು ಅಂತಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಯೋಗಗುರು ಬಿ. ಕೆ. ಎಸ್. ಅಯ್ಯಂಗಾರರು ನೆನಪಾದರು. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಅವರೂ ಚಿಕ್ಕಂದಿನಲ್ಲಿ ಕಾಯಿಲೆಯ ಹುಡುಗನೇ. ಗುರು ಕೃಷ್ಣಮಾಚಾರ್ಯರ ಜೊತೆ ನಮ್ಮ ಉತ್ತರ ಕರ್ನಾಟಕಕ್ಕೆ ಬಂದಾಗ, ಶಿಷ್ಯರಲ್ಲಿ ಚಿಕ್ಕವರು ಅಂತ ಹೆಂಗಸರಿಗೆ ಕಲಿಸುವ ಕೆಲಸ ಅವರಿಗೆ ಬಂತು. ಬೆಳಗಾವಿಯಲ್ಲಿದ್ದ ಸರ್ಜನ್ ಡಾ. ವಿ. ಬಿ. ಗೋಖಲೆ ಅಯ್ಯಂಗಾರರನ್ನು ನೋಡಿ ಮೆಚ್ಚಿದರು. ಅದರಿಂದಾಗಿಯೇ 1937ರಲ್ಲಿ ಅವರು ಪುಣೆಗೆ ಹೋದದ್ದು. ಮುಂದೆ ಹಗ್ಗ, ಕುರ್ಚಿ, ಮರದ ಇಟ್ಟಿಗೆ ಬಳಸಿ, ಮೈ ಬಗ್ಗದವರೂ ಆಸನ ಮಾಡುವಂತೆ ಮಾಡಿದರು. ಒಬ್ಬರು ಹಗ್ಗ ಹಿಡಿದರು, ಇನ್ನೊಬ್ಬರು ಸ್ಪ್ರಿಂಗ್ ಹಿಡಿದರು. ಇಬ್ಬರೂ ಕಾಯಿಲೆಯ ಮೈಯಿಂದಲೇ ವಿದ್ಯೆ ತೆಗೆದವರು. ಇದು ನಮ್ಮದು, ಅದು ಪರದೇಶದ್ದು ಅಂತ ಜಗಳಕ್ಕೆ ಬರುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ನೋಯುವ ಬೆನ್ನಿಗೆ ಯಾವ ದೇಶ?

ಯೋಗದಲ್ಲೂ ಬಲ ಇದೆಯಲ್ಲ ಅಂತ ಕೇಳಬಹುದು. ಖಂಡಿತ ಇದೆ. ಕಾಲು ಎತ್ತಿ ದೋಣಿಯಂತೆ ಕೂರುವ ನಾವಾಸನ, ಮೈಯನ್ನು ಹಲಗೆಯಂತೆ ನೆಲಕ್ಕೆ ಸಮವಾಗಿ ಹಿಡಿಯುವ ಚತುರಂಗ ದಂಡಾಸನ ಸರಿಯಾಗಿ ಮಾಡಿದರೆ ನಡ ನಡುಗುತ್ತದೆ. ಆದರೆ ನಾವು ಬಹಳ ಜನ ಅವನ್ನು ಎರಡು ಉಸಿರಿಗೆ ಮುಗಿಸಿ, ನಮಗೆ ಸುಲಭವಾಗಿ ಬರುವ ಬಾಗುವ ಆಸನಗಳಿಗೆ ಓಡುತ್ತೇವೆ. ಪಿಲಾಟೀಸ್‌ನಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಂಡ್ರೆಡ್ ಅಂತ ಒಂದಿದೆ. ಅಂಗಾತ ಮಲಗಿ ತಲೆ, ಕಾಲು ಎತ್ತಿ, ಐದು ಎಣಿಕೆಗೆ ಉಸಿರು ತಗೊಂಡು, ಐದು ಎಣಿಕೆಗೆ ಬಿಡುತ್ತ, ಕೈಗಳನ್ನು ನೂರು ಸಲ ಮೇಲೆ ಕೆಳಗೆ ಆಡಿಸಬೇಕು. ಮೊದಲ ವಾರ ಮೊಣಕಾಲು ಮಡಚಿಕೊಂಡು ಮಾಡಿದರೂ ಮೂವತ್ತಕ್ಕೇ ನಿಲ್ಲಿಸಿದೆ. ಅವ್ವ ಬಾಗಿಲಲ್ಲಿ ನಿಂತು, "ಮಕ್ಕೊಂಡು ಯಾಕವಾ ಕೈ ಬಡೀತಿ?" ಅಂದಳು. ಹೊಟ್ಟೆ ಮುಟ್ಟಿ ನೋಡು ಅಂದೆ. ಮುಟ್ಟಿ ನೋಡಿ, "ಹಾಂ, ಮಗ್ಗಕ್ಕ ಕುಂತಾಗ ಹಿಂಗ ಇರತಿತ್ತು" ಅಂದಳು.

ಉಸಿರಾಟ ಮಾತ್ರ ಮೊದಮೊದಲು ಗೊಂದಲ ಮಾಡಿತು. ನಾನು ಕಲಿತ ಪ್ರಾಣಾಯಾಮದಲ್ಲಿ ಮೂಗಿನಿಂದಲೇ ಎಲ್ಲ, ಹೊಟ್ಟೆ ಸಡಿಲ. ಇಲ್ಲಿ ಹೊಟ್ಟೆ ಒಳಗೆ ಎಳೆದುಕೊಂಡು, ಪಕ್ಕೆಲುಬು ಅಗಲವಾಗುವಂತೆ ಉಸಿರು ತಗೊಂಡು, ಬಾಯಿಯಿಂದ ಬಿಡಬೇಕು. ಎರಡನ್ನೂ ಒಂದೇ ತಾಸಿನಲ್ಲಿ ಕಲಸಿದಾಗ ಎರಡೂ ಸರಿ ಬರಲಿಲ್ಲ. ಈಗ ದಿನ ಬೇರೆ ಮಾಡಿಕೊಂಡಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ ಇಪ್ಪತ್ತೈದು ನಿಮಿಷ ಪಿಲಾಟೀಸ್, ಕೊನೆಗೆ ಶವಾಸನ. ಮಿಕ್ಕ ದಿನಗಳಲ್ಲಿ ಮೂರು ದಿನ ಯೋಗ ಮತ್ತು ಪ್ರಾಣಾಯಾಮ. ಶವಾಸನ ಬಿಡಲು ನಾನಂತೂ ತಯಾರಿಲ್ಲ. ಆ ವಿಶ್ರಾಂತಿಗೆ, ಮನಸ್ಸು ಶಾಂತವಾಗುವುದಕ್ಕೆ ಯೋಗವೇ ಬೇಕು.

ಇವೆರಡೇ ಸಾಕು ಅಂತಲೂ ಹೇಳುವುದಿಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಎದೆಬಡಿತ ಏರುವಂತೆ ಮೈ ಆಡಿಸಬೇಕು, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಸಂಜೆ ಅರ್ಧ ತಾಸು ಬಿರುಸಾಗಿ ನಡೆಯುತ್ತೇನೆ. ನಮ್ಮ ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೆ.

ಒಂದು ಎಚ್ಚರಿಕೆ, ದಯವಿಟ್ಟು ಕೇಳಿ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುವುದು ಜಾಸ್ತಿ. ಮೂಳೆ ಸವೆದಿದ್ದರೆ, ಡಿಸ್ಕ್ ತೊಂದರೆ ಇದ್ದರೆ, ಮಲಗಿದಲ್ಲಿಂದ ಬೆನ್ನು ಸುರುಳಿಸಿ ಏಳುವ ರೋಲ್ ಅಪ್ ನಿಮಗಲ್ಲ. ಹಾಗೇ ಜೋರಾಗಿ ಮುಂದೆ ಬಗ್ಗುವ ಆಸನವೂ ಅಲ್ಲ. ವಿಡಿಯೋ ನೋಡಿ ಸುಮ್ನೆ ಶುರು ಮಾಡಬೇಡಿ. ಮೊದಲ ತಿಂಗಳಾದರೂ ಗೊತ್ತಿದ್ದವರ ಕಣ್ಣೆದುರು ಮಾಡಿ. ನನ್ನ ತಪ್ಪುಗಳನ್ನು ಅಕ್ಕನ ಮಗಳು ವಿಡಿಯೋ ಕಾಲ್‌ನಲ್ಲಿ ತಿದ್ದುತ್ತಾಳೆ. ಕುತ್ತಿಗೆ ಎಳೆಯುತ್ತಿದ್ದೀ, ಉಸಿರು ಕಟ್ಟಿದ್ದೀ ಅಂತ ಈಗಲೂ ಬೈಸಿಕೊಳ್ಳುತ್ತೇನೆ.

ಪಶ್ಚಿಮೋತ್ತಾನಾಸನದಲ್ಲಿ ಈಗ ಹಣೆ ಮುಟ್ಟಿಸಲು ಹೋಗುವುದಿಲ್ಲ. ಬೆನ್ನು ಉದ್ದ ಇಟ್ಟು, ತೊಡೆಯ ಬುಡದಿಂದ ಎಷ್ಟು ಬರುತ್ತದೋ ಅಷ್ಟೇ. ಕೊಡ ಎತ್ತುವ ಮುಂಚೆ ಮೊಣಕಾಲು ಮಡಚಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತೇನೆ. ಒಂದೂವರೆ ವರ್ಷದಿಂದ ನಡ ಹಿಡಿದಿಲ್ಲ.

ಪಿಲಾಟೀಸ್‌ನಲ್ಲಿ ಬೆನ್ನ ಮೇಲೆ ಉರುಳುವುದು ಜಾಸ್ತಿ, ತೆಳು ಯೋಗ ಮ್ಯಾಟ್ ಚುಚ್ಚುತ್ತದೆ. ನಾನು ಅದರ ಕೆಳಗೆ ಎರಡು ಮಡಿಕೆ ಜಮಖಾನೆ ಹಾಕುತ್ತೇನೆ. ನವನಗರದಲ್ಲಿರುವ ಅಕ್ಕ ತಂಗಿಯರಿಗೆ ಒಮ್ಮೆ ನೋಡಬೇಕು ಅನ್ನಿಸಿದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ಮುಂದಿನ ತಿಂಗಳು ಅಕ್ಕನ ಮಗಳು ರಜೆಗೆ ಬರುತ್ತಾಳೆ. ನಮ್ಮ ಮಾಳಿಗೆ ಮೇಲೆ ಆರು ಜನಕ್ಕೆ ಜಾಗ ಇದೆ.